ಕಂಪ್ಯೂಟರ್ ಕೆಟ್ಟರೂ ಪರದೆ ಕೆಟ್ಟಿರುವುದಿಲ್ಲ

ಸ್ನೇಹಿತರೇ,

ಲ್ಯಾಪ್‌ಟಾಪ್ ಮೂಲೆ ಸೇರಿತೆಂದರೆ ಬಹುತೇಕ ಅದರ ಮದರ್‌ಬೋರ್ಡ್ ಕೈಕೊಟ್ಟಿರುತ್ತದೆ, ಇಲ್ಲವೇ ಅದು ಹೊಸ ತಂತ್ರಾಂಶದ ಭಾರ ಹೊರಲಾರದಷ್ಟು ಹಳತಾಗಿರುತ್ತದೆ. ಪರದೆಗೆ ಇವೆರಡರ ಸೋಂಕೂ ತಗಲಿರುವುದಿಲ್ಲ. ಅದನ್ನು ಬಿಡಿಸಿ ಮಾನಿಟರ್ ಮಾಡಿಕೊಳ್ಳುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲೇ ಒಂದು ಆಸೆಯನ್ನು ಮುರಿದುಬಿಡುತ್ತೇನೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಗೆ ಇನ್ನೊಂದು ಕಂಪ್ಯೂಟರಿನ ಕೇಬಲ್ ಸಿಕ್ಕಿಸಿದರೆ ಚಿತ್ರ ಬರುವುದಿಲ್ಲ. ಆ ಕಿಂಡಿ ಇರುವುದು ಚಿತ್ರವನ್ನು ಹೊರಗೆ ಕಳಿಸುವುದಕ್ಕೆ. ಪರದೆಯ ಹಿಂದೆಯೇ ಇಡೀ ಯಂತ್ರ ಅಡಗಿರುವ ಕೆಲವು ಆಲ್‌-ಇನ್‌-ಒನ್ ಕಂಪ್ಯೂಟರುಗಳಲ್ಲಿ ಮಾತ್ರ ಒಳಗೆ ತೆಗೆದುಕೊಳ್ಳುವ ಎಚ್‌ಡಿಎಂಐ ಕೂಡ ಇರುತ್ತದೆ. ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುನ್ನ ಅದನ್ನು ನೋಡಿಕೊಳ್ಳಿ.

ಪರದೆಯ ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡುವ ಹಲಗೆಗೆ, ಎಚ್‌ಡಿಎಂಐ ಭಾಷೆ ಬರುವುದಿಲ್ಲ. ಹಳೆಯವು ಎಲ್‌ವಿಡಿಎಸ್, ಈಚಿನವು ಇಡಿಪಿ ಎಂಬ ಸಂಕೇತಗಳನ್ನಷ್ಟೇ ಬಲ್ಲವು. ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕು. ಅದೇ ಕಂಟ್ರೋಲರ್ ಬೋರ್ಡ್: ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಪ್ಯಾನೆಲ್‌ಗೆ ಹೋಗುವ ತೆಳು ಕೇಬಲ್, ಜೊತೆಗೆ ಸಾಮಾನ್ಯವಾಗಿ 12 ವೋಲ್ಟ್ ಅಡಾಪ್ಟರ್. ಬೆಸುಗೆಯ ಕೆಲಸ ಹೆಚ್ಚಾಗಿ ಇರುವುದೇ ಇಲ್ಲ. ನಿಜವಾದ ಕೆಲಸ ಗುರುತು ಹಿಡಿಯುವುದು. ಪ್ಯಾನೆಲ್‌ನ ಹಿಂಬದಿಯ ಚೀಟಿಯಲ್ಲಿ ಮಾಡೆಲ್ ಸಂಖ್ಯೆ ಇರುತ್ತದೆ. ಬೋರ್ಡ್ ಕೊಳ್ಳಬೇಕಾದದ್ದು ಆ ಸಂಖ್ಯೆ ನೋಡಿ, ಲ್ಯಾಪ್‌ಟಾಪಿನ ಹೆಸರು ನೋಡಿ ಅಲ್ಲ. ಒಂದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ತಯಾರಕರ ಪ್ಯಾನೆಲ್‌ಗಳು ಇರಬಹುದು.

ಪ್ಯಾನೆಲ್‌ಗಳು ಸುಡುವುದು ಎಲ್ಲಿ ಎಂದರೆ, ಎಲ್‌ವಿಡಿಎಸ್ ಬೋರ್ಡಿನ ಜಂಪರಿನಲ್ಲಿ, ಅಂದರೆ ಒಂದು ಪಿನ್‌ನಿಂದ ಇನ್ನೊಂದಕ್ಕೆ ಬದಲಿಸಿ ಸಿಕ್ಕಿಸಬಹುದಾದ ಪುಟ್ಟ ಕೊಂಡಿಯಲ್ಲಿ. ಪ್ಯಾನೆಲ್‌ಗೆ 3.3 ವೋಲ್ಟ್ ಹೋಗಬೇಕೇ, 5 ವೋಲ್ಟ್ ಹೋಗಬೇಕೇ, 12 ಹೋಗಬೇಕೇ ಎಂದು ತೀರ್ಮಾನಿಸುವುದು ಅದು. ಲ್ಯಾಪ್‌ಟಾಪ್ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ ಬೇಕಾದದ್ದು 3.3. ಜಂಪರ್ 12ರಲ್ಲಿ ಕೂತಿದ್ದರೆ, ಸ್ವಿಚ್ ಹಾಕಿದ ಮರುಕ್ಷಣ ನಿಮ್ಮ ಯೋಜನೆ ಮುಗಿಯಿತು. ಕೇಬಲ್ಲನ್ನು ತಿರುಗುಮುರುಗಾಗಿ ಸಿಕ್ಕಿಸಿದರೂ ಅದೇ ಗತಿ.

ತೀರಾ ಹಳೆಯ ಪರದೆಗಳ ಹಿಂಬೆಳಕು ಎಲ್‌ಇಡಿ ಅಲ್ಲ, ಸಿಸಿಎಫ್‌ಎಲ್ ಎಂಬ ಸಪೂರ ಕೊಳವೆದೀಪ. ಅದನ್ನು ಉರಿಸುವ ಇನ್ವರ್ಟರ್ ನೂರಾರು ವೋಲ್ಟ್ ಹುಟ್ಟಿಸುತ್ತದೆ, ಕೊಳವೆಯೊಳಗೆ ಪಾದರಸವಿದೆ. ಅಂಥದ್ದು ಕೈಗೆ ಬಂದರೆ ನೇರವಾಗಿ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ ಎನ್ನುತ್ತೇನೆ. ಮಂಕು ಬೆಳಕಿಗಾಗಿ ಅಷ್ಟು ಸಾಹಸ ಬೇಡ. ಊದಿದ ಬ್ಯಾಟರಿ ಕಂಡರೆ ಅದನ್ನೂ ಚುಚ್ಚಬೇಡಿ, ಬಗ್ಗಿಸಬೇಡಿ.

ಈಗ ನನಗೆ ಅತ್ಯಂತ ಇಷ್ಟವಾದ, ಅಷ್ಟೇ ಸಿಟ್ಟು ತರಿಸುವ ಉದಾಹರಣೆಗೆ ಬರುತ್ತೇನೆ: ಆ್ಯಪಲ್‌ನ ಐಮ್ಯಾಕ್. 2009ರ ಕೊನೆಯಲ್ಲಿ ಬಂದ 27 ಇಂಚಿನ ಐಮ್ಯಾಕ್‌ಗೆ ಟಾರ್ಗೆಟ್ ಡಿಸ್‌ಪ್ಲೇ ಮೋಡ್ ಎಂಬ ಸೌಲಭ್ಯವಿತ್ತು. ಕೇಬಲ್ ಜೋಡಿಸಿ ಕೀಲಿಮಣೆಯಲ್ಲಿ ಎರಡು ಕೀಲಿ ಒತ್ತಿದರೆ ಇಡೀ ಯಂತ್ರ ಮಾನಿಟರ್ ಆಗುತ್ತಿತ್ತು. ಯಂತ್ರ ಚಾಲೂ ಇರಬೇಕಿತ್ತು ಎನ್ನುವುದು ಬೇರೆ ಮಾತು. 2014ರ ಕೊನೆಯಲ್ಲಿ 5ಕೆ ಐಮ್ಯಾಕ್ ಬಂದಾಗ ಈ ಸೌಲಭ್ಯ ಅದರಲ್ಲಿ ಇರಲಿಲ್ಲ. ತಾಂತ್ರಿಕ ಕಾರಣವಂತೂ ಇತ್ತು. 5120 × 2880 ಬಿಂದುಗಳನ್ನು ಸೆಕೆಂಡಿಗೆ 60 ಬಾರಿ ಕಳಿಸಲು ಸೆಕೆಂಡಿಗೆ ಸುಮಾರು 21 ಗಿಗಾಬಿಟ್ ಮಾಹಿತಿ ಸಾಗಬೇಕು. ಆಗ ಬಳಕೆಯಲ್ಲಿದ್ದ, ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ 1.2 ಎಂಬ ಸಂಪರ್ಕ ಸಾಗಿಸಬಲ್ಲದ್ದು 17.28 ಗಿಗಾಬಿಟ್ ಮಾತ್ರ. ಆದರೆ ಆ ಅಡ್ಡಿ ನಿವಾರಣೆಯಾದ ಮೇಲೂ ಸೌಲಭ್ಯ ಮರಳಿ ಬರಲಿಲ್ಲ. ಅಷ್ಟು ಒಳ್ಳೆಯ ಪರದೆ ತನ್ನೊಳಗಿನ ಪ್ರೊಸೆಸರ್‌ನೊಂದಿಗೆ ಸಹಗಮನ ಮಾಡಬೇಕೆಂದು ವಿನ್ಯಾಸದ ಮೇಜಿನ ಮೇಲೆಯೇ ತೀರ್ಮಾನವಾದಂತಾಯಿತು. ಅದಕ್ಕೂ ಕಂಟ್ರೋಲರ್ ಬೋರ್ಡುಗಳು ಈಗ ಸಿಗುತ್ತವೆ. ಅಂಟಿಸಿದ ಗಾಜನ್ನು ಬಿಡಿಸಿ, ಒಳಗಿನದ್ದನ್ನೆಲ್ಲ ತೆಗೆದು ಬೋರ್ಡ್ ಕೂರಿಸಬೇಕು. ಶ್ರಮಕ್ಕೆ ತಕ್ಕ ಫಲವಿರುವುದು ಇಲ್ಲಿಯೇ.

1366 × 768ರ ಪುಟ್ಟ ಪ್ಯಾನೆಲ್ ಮುಂದೆ ದಿನವಿಡೀ ಕೂತು ಬರೆಯಿರಿ ಎಂದು ನಾನು ಹೇಳುವುದಿಲ್ಲ. ಕ್ಯಾಮೆರಾ ದೃಶ್ಯ ನೋಡಲು, ಸರ್ವರ್ ಮೇಲೆ ಕಣ್ಣಿಡಲು, ಪಕ್ಕದಲ್ಲಿ ಒಂದು ಪುಟ ತೆರೆದಿಟ್ಟುಕೊಳ್ಳಲು ಅದು ಸಾಕು.

ಬಿಚ್ಚಿದ ಪ್ಯಾನೆಲ್ ತಂದಿರುವವರು ಮುಂದೆ ಬನ್ನಿ. ಅಂಚನ್ನು ಹಿಡಿದೇ ತನ್ನಿ, ನಡುವೆ ಒತ್ತಬೇಡಿ. ಚೀಟಿ ಓದಿ, ಯಾವ ಬೋರ್ಡ್ ಬೇಕೆಂದು ನೋಡೋಣ.