ಕೆಂಪು ದೀಪವನ್ನು ನಂಬಬೇಡಿ

ನಮಸ್ಕಾರ. ಇವತ್ತಿನ ಮಾತು ಒಂದು ದೀಪದ ಬಗ್ಗೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಹತ್ತುತ್ತದಲ್ಲ, ಎಣ್ಣೆಗಿಂಡಿಯ ಆಕಾರ, ಮೂತಿಯಲ್ಲಿ ಒಂದು ತೊಟ್ಟು, ಅದೇ, ಎಂಜಿನ್ ಆಯಿಲ್ ಪ್ರೆಷರ್ ದೀಪ. ಆ ದೀಪದ ಮೇಲೆ ನನಗೆ ಸಿಟ್ಟಿದೆ.

ನನ್ನ ಪಿಕಪ್ ಮಂಗಳೂರು ಧಕ್ಕೆಯಿಂದ ಹಾಸನಕ್ಕೆ ಮೀನಿನ ಲೋಡ್ ಹೊಡೆಯುತ್ತದೆ. ಗುಂಡ್ಯ ದಾಟಿದರೆ ಶಿರಾಡಿ ಘಾಟಿ. ಲೋಡ್ ಇದ್ದರೆ ಸೆಕೆಂಡ್ ಗೇರಿನಲ್ಲೇ ಹತ್ತಬೇಕು, ಎಂಜಿನ್ ಕೆಂಡ. ಒಂದು ರಾತ್ರಿ ಮಾರನಹಳ್ಳಿ ಹತ್ತಿರ ಲಾರಿಗಳ ಸಾಲು ನಿಂತಿತ್ತು. ಗಾಡಿ ಐಡ್ಲಿಂಗಿಗೆ ಬಂದ ಕೂಡಲೇ ದೀಪ ಮಿಣುಕಿತು. ಸ್ವಲ್ಪ ಆಕ್ಸಿಲರೇಟರ್ ಒತ್ತಿದೆ, ಆರಿತು. 'ಸೆನ್ಸರ್ ಹೋಗಿರಬೇಕು' ಅಂದುಕೊಂಡೆ. ಎಲ್ಲರೂ ಮೊದಲು ಅಂದುಕೊಳ್ಳುವುದು ಅದನ್ನೇ, ಅಲ್ವಾ? ಸಕಲೇಶಪುರ ಮುಟ್ಟುವಷ್ಟರಲ್ಲಿ ಅಡಿಯಿಂದ ಟಕ ಟಕ ಶುರು. ಎಂಜಿನ್ನಿನ ದಂಡ ಆತು ತಿರುಗುವ ಬೇರಿಂಗ್ ಹೋಗಿತ್ತು. ಆ ಮೀನಿನ ಕಥೆ ಕೇಳಬೇಡಿ.

ಎಂಜಿನ್ ಇಳಿಸಿದ ಮೇಸ್ತ್ರಿ ಹಳೆ ಆಯಿಲ್ ಫಿಲ್ಟರಿನ ಡಬ್ಬವನ್ನು ಬ್ಲೇಡಿನಲ್ಲಿ ಕೊಯ್ದು ತೋರಿಸಿದರು. ಒಳಗಿನ ಮಡಿಕೆ ಕಾಗದ ಒಂದಕ್ಕೊಂದು ಅಂಟಿಕೊಂಡಿತ್ತು. ಸೀದುಹೋದ ಬೆಲ್ಲದ ಪಾಕ ನೋಡಿದ್ದೀರಲ್ಲ, ಹಾಗೆ. ತಪ್ಪು ನನ್ನದೇ. ಎರಡು ಸಲ ಆಯಿಲ್ ಬದಲಾಯಿಸಿ, ಫಿಲ್ಟರ್ ಮಾತ್ರ 'ಮುಂದಿನ ಸಲ ನೋಡೋಣ' ಅಂತ ಬಿಟ್ಟಿದ್ದೆ. ಉಳಿಸಿದ್ದು ಕೆಲವು ನೂರು ರೂಪಾಯಿ.

"ಫಿಲ್ಟರ್ ಕಟ್ಟಿಕೊಂಡು ಬೇರಿಂಗಿಗೆ ಆಯಿಲ್ ಹೋಗಿಲ್ಲ, ಅಲ್ವಾ ಮೇಸ್ತ್ರಿ?" ಅಂದೆ.

"ಇಲ್ಲಣ್ಣ, ಆಯಿಲ್ ಹೋಗಿದೆ. ಕೊಳೆ ಸಮೇತ ಹೋಗಿದೆ."

ಈ ಮಾತು ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ಕೆಳಗೆ ಚೇಂಬರಿನಲ್ಲಿ ಆಯಿಲ್ ಇರುತ್ತದೆ. ಪಂಪ್ ಅದನ್ನು ಜಾಲರಿಯ ಮೂಲಕ ಎಳೆದು ಫಿಲ್ಟರಿಗೆ ತಳ್ಳುತ್ತದೆ. ಅಲ್ಲಿಂದ ಅದು ಕ್ರ್ಯಾಂಕಿಗೆ, ಕ್ಯಾಮಿಗೆ, ಟರ್ಬೋಗೆ, ಅಂದರೆ ತಿರುಗುವ ಭಾಗಗಳಿಗೆಲ್ಲ ಹೋಗುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಎಂಜಿನ್ ಒಣಗಿ ಸಾಯಬಾರದು ಅಂತ ಒಂದು ಸ್ಪ್ರಿಂಗ್ ವಾಲ್ವ್ ಇಟ್ಟಿರುತ್ತಾರೆ. ಬೈಪಾಸ್ ಅನ್ನುತ್ತಾರೆ. ಕಾಗದದ ಈಚೆಗೂ ಆಚೆಗೂ ಪ್ರೆಷರ್ ವ್ಯತ್ಯಾಸ ಸುಮಾರು ಒಂದು ಕೆಜಿ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅನ್ನುವ ಲೆಕ್ಕ) ದಾಟಿದರೆ ಅದು ತೆರೆದುಕೊಳ್ಳುತ್ತದೆ. ಆಮೇಲೆ ಆಯಿಲ್ ಸೋಸದೆ ಸೀದಾ ಒಳಗೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳಕು ಆಯಿಲೇ ವಾಸಿ, ಆ ಲೆಕ್ಕ ಸರಿ. ಆದರೆ ಬೈಪಾಸ್ ತೆರೆದಿದೆ ಅಂತ ಡ್ರೈವರಿಗೆ ಯಾರು ಹೇಳಬೇಕು? ದೀಪ ಹತ್ತುವುದಿಲ್ಲ. ಸದ್ದಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತದೆ.

ತಿಂಗಳುಗಟ್ಟಲೆ ಆ ಮಸಿ, ಲೋಹದ ಪುಡಿ ಬೇರಿಂಗನ್ನು ತೇಯುತ್ತಾ ಹೋಗುತ್ತದೆ. ಬೇರಿಂಗಿಗೂ ದಂಡಕ್ಕೂ ನಡುವಿನ ಸಂದು ದೊಡ್ಡದಾಗುತ್ತದೆ. ತೋಟದ ಡ್ರಿಪ್ ಪೈಪಿನಲ್ಲಿ ತೂತು ದೊಡ್ಡದಾದರೆ ಏನಾಗುತ್ತದೆ? ಅಲ್ಲೇ ನೀರು ಸೋರಿ, ಕೊನೆಯ ಗಿಡ ಒಣಗುತ್ತದೆ. ಇಲ್ಲೂ ಹಾಗೆಯೇ. ಘಾಟಿ ಹತ್ತಿ ಕಾದ ಆಯಿಲ್ ತೆಳ್ಳಗಿರುತ್ತದೆ. ಐಡ್ಲಿಂಗಿನಲ್ಲಿ ಪಂಪೂ ನಿಧಾನ. ಪ್ರೆಷರ್ ಕುಸಿಯುವುದು ಆಗಲೇ. ಅಂದರೆ ನಾನು ಮಾರನಹಳ್ಳಿಯಲ್ಲಿ ನೋಡಿದ್ದು ಕಥೆಯ ಕೊನೇ ಪುಟ.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಆ ದೀಪದ ಸ್ವಿಚ್ ಸಾಮಾನ್ಯವಾಗಿ ಪ್ರೆಷರ್ ಅರ್ಧ ಕೆಜಿಗೆ, ಕೆಲವು ಗಾಡಿಗಳಲ್ಲಿ ಅದಕ್ಕೂ ಕೆಳಗೆ ಇಳಿದ ಮೇಲೆ ಹತ್ತುತ್ತದೆ. ಲೋಡ್ ಎಳೆಯುವ ಎಂಜಿನ್ನಿಗೆ 2000 ಆರ್‌ಪಿಎಂನಲ್ಲಿ ಎರಡು, ಮೂರು ಕೆಜಿಯಾದರೂ ಬೇಕು. ಮೂರರಿಂದ ಅರ್ಧದವರೆಗೆ ಇಳಿಯುವ ಅಷ್ಟೂ ದಾರಿ ದೀಪ ಬಾಯಿ ಮುಚ್ಚಿಕೊಂಡಿರುತ್ತದೆ. ಹಳೆ ಜೀಪಿನಲ್ಲಿ ಆಯಿಲ್ ಪ್ರೆಷರ್ ಮೀಟರ್ ಇರುತ್ತಿತ್ತು. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಈಗಲೂ ಇರುತ್ತದೆ. ಒಂದೂವರೆ ಟನ್ ಹೊರುವ ಪಿಕಪ್ಪಿಗೆ ಟಚ್ ಸ್ಕ್ರೀನ್ ಕೊಡುತ್ತಾರೆ, ಬ್ಲೂಟೂತ್ ಕೊಡುತ್ತಾರೆ, ಒಂದು ಮುಳ್ಳು ಕೊಡಲು ಕೈ ಬರುವುದಿಲ್ಲ.

'ಮೀಟರ್ ಕೊಟ್ಟರೂ ಡ್ರೈವರ್ ನೋಡಲ್ಲ' ಅನ್ನುವವರಿದ್ದಾರೆ. ಸುಮ್ನೆ ಮಾತು. ಘಾಟಿಯಲ್ಲಿ ಟೆಂಪರೇಚರ್ ಮುಳ್ಳನ್ನು ನೋಡದ ಡ್ರೈವರ್ ಒಬ್ಬನನ್ನು ತೋರಿಸಿ.

ಪ್ರೆಷರ್ ಕಡಿಮೆ ಆದಾಗಲೆಲ್ಲ ಫಿಲ್ಟರನ್ನೇ ಬೈಯಬೇಡಿ, ಅದನ್ನೂ ಹೇಳಬೇಕು. ಚೇಂಬರ್ ಕೂರಿಸುವಾಗ ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಬಳಿದರೆ ಅದರ ಚೂರುಗಳು ಕಳಚಿ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಅಲ್ಲಿ ಬೈಪಾಸೂ ಕಾಪಾಡುವುದಿಲ್ಲ. ಇನ್ನೊಂದು, 2020ರ ಏಪ್ರಿಲ್ ನಂತರದ ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಡೀಸೆಲ್ ಗಾಡಿಗಳದ್ದು. ಸೈಲೆನ್ಸರ್ ಕಡೆಯ ಮಸಿ ಫಿಲ್ಟರನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಎಷ್ಟೋ ಗಾಡಿಗಳಲ್ಲಿ ಸಿಲಿಂಡರಿಗೇ ಜಾಸ್ತಿ ಡೀಸೆಲ್ ಬಿಡುತ್ತಾರೆ. ಊರೊಳಗೇ ಚಿಕ್ಕ ಚಿಕ್ಕ ಟ್ರಿಪ್ ಹೊಡೆದರೆ ಆ ಶುಚಿ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯೇ ಆಗಿಲ್ಲ ಅಂತ ನಾವು ಖುಷಿ ಪಡುತ್ತೇವೆ. ಒಳಗೆ ಅದು ನೀರಿನಂತೆ ತೆಳ್ಳಗಾಗಿರುತ್ತದೆ. ಏರಿದ ಮಟ್ಟ ಇಳಿದ ಮಟ್ಟಕ್ಕಿಂತ ಕೆಟ್ಟ ಸುದ್ದಿ.

ಓಡುವಾಗ ದೀಪ ಹತ್ತಿತೋ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. 'ಮುಂದಿನ ಊರಿನವರೆಗೆ' ಅಂದರೆ ನನ್ನ ಬಿಲ್ ನಿಮಗೂ ಬರುತ್ತದೆ.

ನಾನು ಈಗ ಹೊರಗಿನಿಂದ ಒಂದು ಪ್ರೆಷರ್ ಮೀಟರ್ ತಂದು ಹಾಕಿಸಿದ್ದೇನೆ. ಬೆಳಿಗ್ಗೆ ತಣ್ಣಗಿರುವಾಗ ನಾಲ್ಕರ ಮೇಲೆ. ಘಾಟಿಯಲ್ಲಿ ಎರಡೂವರೆ. ಮೊನ್ನೆ ಮಾರನಹಳ್ಳಿಯಲ್ಲಿ ಮತ್ತೆ ಲಾರಿ ಸಾಲು, ಮುಳ್ಳು ಒಂದಕ್ಕೆ ಇಳಿದು ನಿಂತಿತು. ಪಕ್ಕದಲ್ಲಿದ್ದ ಹೊಸ ಹುಡುಗ ಬಗ್ಗಿ ನೋಡಿದ. "ಅಣ್ಣ, ಡೀಸೆಲ್ ಖಾಲಿ ಆಗ್ತಾ ಇದೆ, ಹಾಕಿಸಲ್ವಾ?" ಅಂದ. ಸಕಲೇಶಪುರ ಬರುವವರೆಗೂ ಪಾಪ, ಅವನಿಗೆ ಇದೇ ಕಥೆ.