ನೀರು ಇಳಿದಾಗ ಗೂಡು: ಭದ್ರಾ ಹಿನ್ನೀರಿನ ರಿವರ್ ಟರ್ನ್‌ಗಳು

ಎಲ್ಲರಿಗೂ ನಮಸ್ಕಾರ. ಭದ್ರಾ ಡ್ಯಾಂ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಅದು ತುಂಬುವ ಮಟ್ಟ, 186 ಅಡಿ. ಮಳೆಗಾಲ ಬಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಇವತ್ತು ಎಷ್ಟು ಅಡಿ ಆಯ್ತು? ತುಂಬಿದರೆ ಖುಷಿ, ಗೇಟು ತೆಗೆದರೆ ನೋಡಲು ನೂಕುನುಗ್ಗಲು. ನಾನು ಇವತ್ತು ನೀರು ಇಳಿಯುವ ತಿಂಗಳುಗಳ ಬಗ್ಗೆ ಮಾತಾಡುತ್ತೇನೆ. ಇಲ್ಲಿನ ರಿವರ್ ಟರ್ನ್ ಹಕ್ಕಿಯ ಬದುಕು ನಿಂತಿರುವುದೇ ಆ ಇಳಿತದ ಮೇಲೆ.

ಮೊದಲು ಹೊಳೆ. ಭದ್ರೆ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ, ತುಂಗೆಯೂ ಅಲ್ಲಿಯವಳೇ. ಕಳಸ, ಬಾಳೆಹೊನ್ನೂರು ದಾಟಿ, ತೋಟಗಳ ಬದಿಯಲ್ಲೇ ಹರಿದು ನರಸಿಂಹರಾಜಪುರದ ಹತ್ತಿರ ಹಿನ್ನೀರಾಗುತ್ತಾಳೆ. ಲಕ್ಕವಳ್ಳಿಯಲ್ಲಿ ಅಣೆಕಟ್ಟು, ತುಂಬಿದರೆ 71.5 ಟಿಎಂಸಿ. ಕುದುರೆಮುಖದಲ್ಲಿ ಕಬ್ಬಿಣದ ಗಣಿ ನಡೆಯುತ್ತಿದ್ದಾಗ ಮಳೆಗಾಲದ ಹೊಳೆ ಗಣಿಯ ಕೆಸರನ್ನೂ ಹೊತ್ತು ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಮೇಲಿನಿಂದ ಮೀನು ನೋಡಿ ನೀರಿಗೆ ಧುಮುಕುವ ಹಕ್ಕಿಗೆ ತಿಳಿನೀರು ಎಷ್ಟು ಮುಖ್ಯ, ಯೋಚನೆ ಮಾಡಿ.

ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಡುತ್ತಾರಲ್ವಾ, ದಾವಣಗೆರೆ ಕಡೆಯ ಗದ್ದೆಗಳಿಗೆ ನೀರು ಹೋದಷ್ಟೂ ಇಲ್ಲಿ ಮಟ್ಟ ಇಳಿಯುತ್ತಾ ಬರುತ್ತದೆ, ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದಾಗಿ ಮೇಲೇಳುತ್ತದೆ. ಬೋಳು ನೆಲ, ಕಲ್ಲು ಜಲ್ಲಿ, ಸುತ್ತ ನೀರು. ಟರ್ನ್‌ಗೆ ಬೇಕಾಗಿರುವುದು ಇಷ್ಟೇ. ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲಿನ ಈ ಹಕ್ಕಿ ಗುಂಪು ಗುಂಪಾಗಿ ಬಂದು ಇಳಿಯುತ್ತದೆ. ಗಂಡು ಹಕ್ಕಿ ಮೀನು ತಂದು ಹೆಣ್ಣಿಗೆ ಕೊಡುತ್ತದೆ, ಜೋಡಿಯಾಗುತ್ತವೆ.

ಗೂಡು ಎಂದರೆ ನೆಲದಲ್ಲಿ ಕೆರೆದ ಒಂದು ಸಣ್ಣ ಗುಂಡಿ. ಹುಲ್ಲಿಲ್ಲ, ಕಡ್ಡಿಯಿಲ್ಲ. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಬೂದು ಬಣ್ಣ, ಮೇಲೆ ಕಂದು ಚುಕ್ಕೆ. ಜಲ್ಲಿಯ ನಡುವೆ ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಏಪ್ರಿಲ್ ಬಿಸಿಲಿಗೆ ಆ ಕಲ್ಲು ಕಾಲಿಡಲಾಗದಷ್ಟು ಕಾಯುತ್ತದೆ. ಆಗ ಹಕ್ಕಿ ಹಾರಿಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಇಲ್ಲಿ ಕಾವು ಕೊಡುವುದರ ಜೊತೆಗೆ ತಂಪು ಮಾಡುವ ಕೆಲಸವೂ ಇದೆ! ದೋಣಿ ಹತ್ತಿರ ಬಂದರೆ ಇಡೀ ಗುಂಪು ಕಿರುಚುತ್ತಾ ಮೇಲೇಳುತ್ತದೆ. ನಮಗೆ ಒಳ್ಳೆಯ ಫೋಟೋ ಸಿಗುತ್ತದೆ, ಅಷ್ಟು ಹೊತ್ತು ಮೊಟ್ಟೆಗಳು ಬಿಸಿಲಲ್ಲಿ ಬೇಯುತ್ತವೆ. ದಯವಿಟ್ಟು ದೂರದಿಂದಲೇ ನೋಡಿ.

ಇದೇ ನಡುಗಡ್ಡೆಗಳಲ್ಲಿ ಪ್ರಾಟಿಂಕೋಲ್ ಎಂಬ ಪುಟ್ಟ ಹಕ್ಕಿಗಳೂ ಮೊಟ್ಟೆ ಇಡುತ್ತವೆ. ಚಳಿಗಾಲದಲ್ಲಿ ಮೀನು ಹಿಡಿಯುವ ಆಸ್ಪ್ರೇ ಎಂಬ ಬೇಟೆಹಕ್ಕಿ ಬರುತ್ತದೆ.

ನದಿಗಳ ಮರಳ ದಿಬ್ಬವೇ ಟರ್ನ್‌ಗಳ ಹಳೆಯ ಮನೆ. ಮರಳು ತೆಗೆದು, ನಾಯಿಗಳು ಜಾಸ್ತಿಯಾಗಿ, ಮೇಲಿನ ಅಣೆಕಟ್ಟುಗಳಿಂದ ಏಕಾಏಕಿ ನೀರು ಬಿಟ್ಟು, ಆ ದಿಬ್ಬಗಳು ಹಾಳಾಗಿವೆ. ಜಗತ್ತಿನ ಜೀವಿಗಳ ಸ್ಥಿತಿ ಅಳೆಯುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಈಗ ರಿವರ್ ಟರ್ನ್ ಅಳಿವಿನ ಭೀತಿ ಇರುವ ಹಕ್ಕಿ. ಹಾಗಾಗಿ ಭದ್ರೆಯ ನಡುಗಡ್ಡೆಗಳ ಬೆಲೆ ದೊಡ್ಡದು. ಆದರೆ ಇಲ್ಲೂ ಲೆಕ್ಕ ಸೂಕ್ಷ್ಮ. ನೀರು ಬೇಗ ಇಳಿಯದಿದ್ದರೆ ನಡುಗಡ್ಡೆಯೇ ಸಿಗುವುದಿಲ್ಲ. ತೀರಾ ಇಳಿದರೆ ಅದು ದಡಕ್ಕೆ ಸೇರಿಕೊಂಡು ನಾಯಿ, ನರಿ ನಡೆದೇ ಬರುತ್ತವೆ. ಮರಿಗಳು ಹಾರುವ ಮೊದಲೇ ಜೋರು ಮಳೆಯಾಗಿ ಮಟ್ಟ ಏರಿದರೆ ಗೂಡು ಮುಳುಗುತ್ತದೆ.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ನೀರನ್ನು ಇಲ್ಲಿಗೆ ಎತ್ತಿ, ಇಲ್ಲಿಂದ 29.9 ಟಿಎಂಸಿ ಬಯಲುಸೀಮೆಗೆ ಕೊಡುವ ಲೆಕ್ಕವಿದೆ. ಬಯಲುಸೀಮೆಗೆ ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುವುದು ಇಷ್ಟು: ಯಾವ ತಿಂಗಳು ಎಷ್ಟು ನೀರು ಎಂದು ತೀರ್ಮಾನ ಮಾಡುವ ಸಭೆಯಲ್ಲಿ, ಫೆಬ್ರವರಿಯಿಂದ ಮೇ ತನಕ ಯಾವ ಮಟ್ಟಕ್ಕೆ ಯಾವ ನಡುಗಡ್ಡೆ ಏಳುತ್ತದೆ, ಯಾವ ಮಟ್ಟಕ್ಕೆ ದಡ ಸೇರುತ್ತದೆ ಎಂಬ ಪಟ್ಟಿಯೂ ಮುಂದಿರಲಿ. ಆ ಪಟ್ಟಿ ಮಾಡಲು ಒಂದು ದೋಣಿ, ಒಂದು ಬೇಸಿಗೆ ಸಾಕು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.