ಗ್ಲಾಸ್ಗೋದ ಮೂರನೇ ಹೆಸರು

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ನಿಜಕ್ಕೂ ಖುಷಿಯಾಯಿತು. ಇಲ್ಲಿ ಫುಟ್‌ಬಾಲ್ ಹುಚ್ಚಿನವರೂ ಇದ್ದೀರಿ, ಆಫ್‌ಸೈಡ್ ಅಂದರೆ ಏನು ಅಂತ ಕೇಳುವವರೂ ಇದ್ದೀರಿ. ಇಬ್ಬರಿಗೂ ಸೇರುವ ಕಥೆ ಇದು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಫುಟ್‌ಬಾಲ್ ಬಗ್ಗೆ ಯಾರನ್ನೇ ಕೇಳಿ, ಎರಡು ಹೆಸರು ಬರುತ್ತವೆ. ಸೆಲ್ಟಿಕ್, ರೇಂಜರ್ಸ್. ನೂರು ವರ್ಷಕ್ಕೂ ಹಳೆಯ ಪೈಪೋಟಿ ಅದು. ಊರಿನ ಅರ್ಧ ಹಸಿರು, ಇನ್ನರ್ಧ ನೀಲಿ. ನಾನು ಇವತ್ತು ಹೇಳಲು ಬಂದಿರುವುದು ಮೂರನೇ ಹೆಸರು, ಮೂರನೇ ಬಣ್ಣ. ಕಿತ್ತಳೆ ಅಂಗಿಯ ಗ್ಲಾಸ್ಗೋ ಸಿಟಿ. ಇದು ಹೆಣ್ಣುಮಕ್ಕಳ ಕ್ಲಬ್. ಬರೀ ಹೆಣ್ಣುಮಕ್ಕಳದ್ದು. ಅದಕ್ಕೆ ಗಂಡಸರ ತಂಡ ಅಂತ ಒಂದಿಲ್ಲ, ಹಿಂದೆಯೂ ಇರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಯಾಕೆಂದರೆ ಇವತ್ತು ಯುರೋಪಿನಲ್ಲಿ ನಾವು ಹೆಸರು ಕೇಳಿರುವ ಮಹಿಳಾ ತಂಡಗಳಲ್ಲಿ ಬಹುಪಾಲು ಯಾವುದೋ ದೊಡ್ಡ ಗಂಡಸರ ಕ್ಲಬ್ಬಿನ ಹೆಸರು, ಅಂಗಿ, ದುಡ್ಡು ಎಲ್ಲವನ್ನೂ ಹಂಚಿಕೊಂಡು ಬದುಕುವಂಥವು.

ಗ್ಲಾಸ್ಗೋ ಸಿಟಿ ಶುರುವಾದದ್ದು 1998ರಲ್ಲಿ. ಶುರು ಮಾಡಿದವರು ಇಬ್ಬರು ಆಟಗಾರ್ತಿಯರು, ಲಾರಾ ಮಾಂಟ್‌ಗೊಮರಿ ಮತ್ತು ಕ್ಯಾರಲ್ ಆನ್ ಸ್ಟುವರ್ಟ್. ಅವರ ಬಯಕೆ ಬಹಳ ಸರಳ. ಹೆಣ್ಣುಮಕ್ಕಳನ್ನು ಆಟಗಾರರು ಅಂತ ಗಂಭೀರವಾಗಿ ನೋಡುವ ಒಂದು ಕ್ಲಬ್ ಬೇಕು. ಇದ್ದದ್ದರಲ್ಲಿ ಅದು ಸಿಗಲಿಲ್ಲ, ಕಟ್ಟಿಕೊಂಡರು.

ಇದರಲ್ಲಿ ಅಂಥ ದೊಡ್ಡ ವಿಷಯ ಏನಿದೆ ಅನ್ನಿಸಬಹುದು. ಅದು ಗೊತ್ತಾಗಬೇಕಾದರೆ ಆ ದೇಶ ಹೆಣ್ಣುಮಕ್ಕಳ ಫುಟ್‌ಬಾಲನ್ನು ಹೇಗೆ ನಡೆಸಿಕೊಂಡಿತು ಅಂತ ನೋಡಬೇಕು.

1881ರ ಮೇ ತಿಂಗಳು. ಎಡಿನ್‌ಬರೋದ ಈಸ್ಟರ್ ರೋಡ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಹೆಸರಿನಲ್ಲಿ ಹೆಂಗಸರು ಒಂದು ಪಂದ್ಯ ಆಡಿದರು. ಒಂದು ವಾರ ಕಳೆದು ಇದೇ ಗ್ಲಾಸ್ಗೋದಲ್ಲಿ, ಶಾಫೀಲ್ಡ್ ಅನ್ನುವ ಕಡೆ ಇನ್ನೊಂದು ಪಂದ್ಯ. ನೋಡಲು ಸಾವಿರಾರು ಜನ ಬಂದರು. ನಡುವೆ ನೂರಾರು ಗಂಡಸರು ಮೈದಾನಕ್ಕೆ ನುಗ್ಗಿದರು. ಆಟ ನಿಂತಿತು. ಆಡುತ್ತಿದ್ದ ಹೆಂಗಸರು ತಾವು ಬಂದಿದ್ದ ಕುದುರೆ ಗಾಡಿ ಹತ್ತಿ ತಪ್ಪಿಸಿಕೊಳ್ಳಬೇಕಾಯಿತು, ಮತ್ತು ಜನ ಆ ಗಾಡಿಯನ್ನೂ ಬಿಡದೆ ಬೆನ್ನಟ್ಟಿದರು. ಚೆಂಡು ಒದ್ದದ್ದಕ್ಕೆ ಇಷ್ಟು. ಈ ಘಟನೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಮೇಲೆ ಗದ್ದಲವೇ ಬೇಕಾಗಲಿಲ್ಲ. ನಿಯಮವೇ ಆ ಕೆಲಸ ಮಾಡಿತು. ಹೆಂಗಸರಿಗೆ ಮೈದಾನ ಕೊಡಬಾರದು, ರೆಫರಿ ಹೋಗಬಾರದು. 1971ರಲ್ಲಿ ಯುರೋಪಿನ ದೇಶಗಳ ಫುಟ್‌ಬಾಲ್ ಸಂಸ್ಥೆಗಳು ಸೇರಿ, ಹೆಣ್ಣುಮಕ್ಕಳ ಆಟವನ್ನು ನಮ್ಮ ತೆಕ್ಕೆಗೆ ತೆಗೆದುಕೊಳ್ಳೋಣವೇ ಅಂತ ಮತ ಹಾಕಿದವು. ಹೌದು ಅಂದವು 31. ಬೇಡ ಅಂದದ್ದು ಒಂದೇ ಒಂದು. ಅದು ಸ್ಕಾಟ್ಲೆಂಡ್. ಅಲ್ಲಿ ನಿಷೇಧ ತೆಗೆಯಲು 1974 ಆಗಬೇಕಾಯಿತು. ಇದು ಅಜ್ಜಿಯ ಕಾಲದ ಮಾತೇನಲ್ಲ, ಇಲ್ಲಿ ಕೂತಿರುವ ಕೆಲವರು ಆಗ ಶಾಲೆಗೆ ಹೋಗುತ್ತಿದ್ದಿರಿ, ಅಲ್ವಾ?

ಆ ಕಾಲದ ರೋಸ್ ರೈಲಿ ಅನ್ನುವವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಸ್ಟುವರ್ಟನ್ ಅನ್ನುವ ಸಣ್ಣ ಊರಿನ ಹುಡುಗಿ. ಆಡುವ ಆಸೆಗೆ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡವಳು. ತಾಯ್ನೆಲದಲ್ಲಿ ಜಾಗ ಸಿಗದೆ ಫ್ರಾನ್ಸಿಗೆ ಹೋದರು, ಅಲ್ಲಿಂದ ಇಟಲಿಗೆ. ಕೊನೆಗೆ ಇಟಲಿಯ ರಾಷ್ಟ್ರೀಯ ತಂಡಕ್ಕೇ ಆಡಿದರು. ಸ್ಕಾಟ್ಲೆಂಡಿಗೆ ಆದ ನಷ್ಟ ಎಷ್ಟು ಅಂತ ನೀವೇ ಯೋಚಿಸಿ.

ಇಂಥ ನೆಲದಲ್ಲಿ 1998ರಲ್ಲಿ ಇಬ್ಬರು ಹುಡುಗಿಯರು ಸ್ವಂತ ಕ್ಲಬ್ ಕಟ್ಟಿದರು. ಹೆಸರಿನ ಬಲ ಇಲ್ಲ, ಸ್ವಂತ ಸ್ಟೇಡಿಯಂ ಇಲ್ಲ. ಆಟಗಾರ್ತಿಯರು ಹಗಲು ಕೆಲಸಕ್ಕೋ ಕಾಲೇಜಿಗೋ ಹೋಗಿ ಸಂಜೆ ಅಭ್ಯಾಸಕ್ಕೆ ಬರುವವರು. ಆಡುವುದು ಈಗಲೂ ಸ್ಪ್ರಿಂಗ್‌ಬರ್ನ್ ಬಡಾವಣೆಯ ಪೀಟರ್ಸ್‌ಹಿಲ್ ಪಾರ್ಕ್ ಅನ್ನುವ ಸಣ್ಣ ಮೈದಾನದಲ್ಲಿ. (ಸ್ಪ್ರಿಂಗ್‌ಬರ್ನ್ ನಮಗೆ ಪೂರ್ತಿ ಪರಕೀಯವಲ್ಲ. ಒಂದು ಕಾಲಕ್ಕೆ ಅಲ್ಲಿ ರೈಲು ಎಂಜಿನ್ ಮಾಡುವ ದೊಡ್ಡ ಕಾರ್ಖಾನೆಗಳಿದ್ದವು, ಭಾರತದ ಹಳಿಗಳ ಮೇಲೆ ಹೊಗೆಯುಗುಳುತ್ತಾ ಓಡಿದ ಎಷ್ಟೋ ಉಗಿ ಎಂಜಿನ್‌ಗಳು ಅಲ್ಲಿಂದಲೇ ಹಡಗು ಹತ್ತಿ ಬಂದವು.)

ಮೊದಲ ಲೀಗ್ ಪ್ರಶಸ್ತಿ 2005ರಲ್ಲಿ ಬಂತು. ಆಮೇಲೆ 2008ರಿಂದ 2021ರವರೆಗೆ ಸತತ 14 ಪ್ರಶಸ್ತಿ. ಹದಿನಾಲ್ಕು! ಆರು ವರ್ಷದ ಹುಡುಗಿ ಅಪ್ಪನ ಕೈ ಹಿಡಿದು ಪಂದ್ಯ ನೋಡಲು ಶುರು ಮಾಡಿದ್ದರೆ, ಬೇರೆ ಯಾರೂ ಗೆದ್ದದ್ದನ್ನು ನೋಡದೆ ಕಾಲೇಜು ಸೇರಿರುತ್ತಾಳೆ.

ಆದರೆ ನನಗೆ ಆ 14ಕ್ಕಿಂತ ಜಾಸ್ತಿ ಇಷ್ಟವಾಗುವುದು ಒಂದು ಸೋಲು. 2011ರಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ, ಅಂದರೆ ಯುರೋಪಿನ ಬೇರೆ ಬೇರೆ ದೇಶಗಳ ಅಗ್ರ ಕ್ಲಬ್ಬುಗಳು ಸೆಣಸುವ ಟೂರ್ನಿಯಲ್ಲಿ, ಅವರಿಗೆ ಎದುರಾದದ್ದು ಜರ್ಮನಿಯ ಟರ್ಬೈನ್ ಪಾಟ್ಸ್‌ಡಾಮ್. ಎರಡು ಪಂದ್ಯ ಸೇರಿ 17–0. ಊರಲ್ಲಿ ರಾಣಿಯರ ಹಾಗೆ ಗೆಲ್ಲುವವರು ಹೊರಗೆ ಹೋಗಿ ಹೀಗೆ ಸೋತರೆ ಏನು ಮಾಡಬೇಕು? ಊರಿನ ಕಪ್ ಸಾಕು ಅಂತ ಸುಮ್ನೆ ಇರಬಹುದಿತ್ತು. ಇವರು ಇರಲಿಲ್ಲ. ಮೂರು ವರ್ಷ ಕಳೆದು ಅದೇ ಟೂರ್ನಿಯಲ್ಲಿ ಎಫ್‌ಸಿ ಜ್ಯೂರಿಚ್ ವಿರುದ್ಧ ಮೊದಲ ಪಂದ್ಯ 2–1ರಿಂದ ಸೋತು, ಎರಡನೆಯದನ್ನು 4–2ರಿಂದ ಗೆದ್ದು, ಕ್ವಾರ್ಟರ್ ಫೈನಲ್ ತಲುಪಿದರು. ಸ್ಕಾಟ್ಲೆಂಡಿನ ಯಾವ ಮಹಿಳಾ ತಂಡವೂ ಅದಕ್ಕೆ ಮೊದಲು ಅಲ್ಲಿ ಕಾಲಿಟ್ಟಿರಲಿಲ್ಲ. ಅಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಮುಂದೆ ಸೋತರು, ಅದು ಬೇರೆ ಮಾತು. ಇನ್ನೂ ಒಂದು ವಿಷಯ ಕೇಳಿ. ಆ 17 ಗೋಲು ಹೊಡೆದ ಪಾಟ್ಸ್‌ಡಾಮ್‌ನವರೇ ಮರುವರ್ಷ ಸಿಟಿಯ ಲಿಸಾ ಇವಾನ್ಸ್ ಅವರನ್ನು ಕರೆದು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಎರಿನ್ ಕತ್‌ಬರ್ಟ್ ಕೂಡ ಇಲ್ಲಿ ಆಡಿಯೇ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಹೋದದ್ದು.

2020ರಲ್ಲಿ ಮತ್ತೆ ಕ್ವಾರ್ಟರ್ ಫೈನಲ್. ಡೆನ್ಮಾರ್ಕಿನ ಬ್ರಾಂಡ್ಬಿ ತಂಡವನ್ನು ಪೆನಾಲ್ಟಿಯಲ್ಲಿ ದಾಟಿ ಬಂದಿದ್ದರು. ಅಷ್ಟರಲ್ಲಿ ಕೊರೋನಾ ಬಂತು, ಸ್ಕಾಟ್ಲೆಂಡಿನ ಲೀಗ್ ನಿಂತೇ ಹೋಯಿತು. ತಿಂಗಳುಗಟ್ಟಲೆ ಒಂದೂ ಸರಿಯಾದ ಪಂದ್ಯ ಆಡದೆ, ಆಗಸ್ಟಿನಲ್ಲಿ ನೇರವಾಗಿ ಜರ್ಮನಿಯ ವುಲ್ಫ್ಸ್‌ಬರ್ಗ್ ಎದುರು ಇಳಿದರು. 9–1ರಿಂದ ಸೋತರು. ಆ ಸ್ಕೋರನ್ನು ಯಾರಾದರೂ ಹೀಯಾಳಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೇ ಹೊತ್ತಿಗೆ ಊರಲ್ಲಿ ಗಾಳಿ ಬದಲಾಯಿತು. ಸೆಲ್ಟಿಕ್ ಮತ್ತು ರೇಂಜರ್ಸ್ ತಮ್ಮ ಮಹಿಳಾ ತಂಡಗಳಿಗೆ ದುಡ್ಡು ಹಾಕಲು ಶುರು ಮಾಡಿದವು. ಸಂಬಳದ ಆಟಗಾರ್ತಿಯರು, ಪೂರ್ಣಾವಧಿ ಅಭ್ಯಾಸ. ಆಟಗಾರ್ತಿಯರಿಗೆ ಇದರಿಂದ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ತಿರುಗಿ ನೋಡದ ಕಾಲದಲ್ಲಿ ಹೊಲ ಉತ್ತು ಬಿತ್ತಿದವರಿಗೆ, ಫಸಲಿನ ಹೊತ್ತಿಗೆ ಜಾಗವೇ ಇಲ್ಲ ಅನ್ನುವ ಹಾಗಾದರೆ? 2022ರಲ್ಲಿ ರೇಂಜರ್ಸ್ ಲೀಗ್ ಗೆದ್ದಾಗ ಸಿಟಿಯ ಕಾಲ ಮುಗಿಯಿತು ಅಂತಲೇ ಬಹಳ ಜನ ಅಂದುಕೊಂಡರು. ನಾನೂ ಅಂದುಕೊಂಡಿದ್ದೆ.

ಈಗ 2023ರ ಮೇ 21ಕ್ಕೆ ಬನ್ನಿ. ಲೀಗ್‌ನ ಕೊನೆಯ ದಿನ. ಸಿಟಿ ಆಡಬೇಕಾದದ್ದು ರೇಂಜರ್ಸ್ ವಿರುದ್ಧ, ಅದೂ ಅವರದೇ ಐಬ್ರಾಕ್ಸ್ ಸ್ಟೇಡಿಯಂನಲ್ಲಿ. ಊರಿನ ಇನ್ನೊಂದು ಮೂಲೆಯಲ್ಲಿ ಸೆಲ್ಟಿಕ್ ತನ್ನ ಸ್ಟೇಡಿಯಂನಲ್ಲಿ ಹಾರ್ಟ್ಸ್ ತಂಡದ ಮೇಲೆ ಗೆಲ್ಲುತ್ತಿದೆ, ನೋಡಲು 15,000ಕ್ಕೂ ಜಾಸ್ತಿ ಜನ. ಸಿಟಿಯ ಕೋಚ್ ಸೀಸನ್ ನಡುವೆಯೇ ಬಿಟ್ಟು ಹೋಗಿದ್ದರು. ಆ ಜಾಗದಲ್ಲಿ ನಿಂತಿದ್ದವರು ಲಿಯಾನ್ ರಾಸ್, ವರ್ಷಗಟ್ಟಲೆ ಇದೇ ತಂಡದ ನಾಯಕಿಯಾಗಿದ್ದವರು, ಸ್ಕಾಟ್ಲೆಂಡ್ ಪರ 133 ಪಂದ್ಯ ಆಡಿದವರು. ಐಬ್ರಾಕ್ಸ್‌ನಲ್ಲಿ ಗೋಲೇ ಇಲ್ಲ. ಡ್ರಾ ಆದರೆ ಕಪ್ ಸೆಲ್ಟಿಕ್‌ಗೆ. 90 ನಿಮಿಷ ಮುಗಿಯಿತು. ಸೆಲ್ಟಿಕ್ ಕಡೆ ಜನ ಸಂಭ್ರಮಕ್ಕೆ ಎದ್ದು ನಿಲ್ಲುವ ಹೊತ್ತು. ಇಂಜುರಿ ಟೈಮ್‌ನಲ್ಲಿ, ಅಂದರೆ ನಿಂತುಹೋದ ಆಟಕ್ಕೆ ಬದಲಾಗಿ ಕೊನೆಗೆ ಸೇರಿಸುವ ನಿಮಿಷಗಳಲ್ಲಿ, ಚೆಂಡು ಲಾರೆನ್ ಡೇವಿಡ್‌ಸನ್ ಕಾಲಿಗೆ ಸಿಕ್ಕಿತು. ಗೋಲು. 1–0. ದೊಡ್ಡ ಕ್ಲಬ್ಬುಗಳೆರಡೂ ಕೈ ಚಾಚಿದ್ದ ಕಪ್, ಒಂದೇ ಒದೆತಕ್ಕೆ ಸ್ಪ್ರಿಂಗ್‌ಬರ್ನ್‌ಗೆ ಹೋಯಿತು. ಅದು ಅವರ 16ನೇ ಲೀಗ್ ಪ್ರಶಸ್ತಿ.

ಆ ಕ್ಲಬ್ ಒಮ್ಮೆ ತನ್ನ ಅಂಗಿಯ ಎದೆಯ ಮೇಲೆ ಯಾವ ಕಂಪನಿಯ ಹೆಸರನ್ನೂ ಹಾಕದೆ ಒಂದು ವಾಕ್ಯ ಹಾಕಿಕೊಂಡಿತ್ತು. ಕನ್ನಡದಲ್ಲಿ ಹೇಳುವುದಾದರೆ, ಕಣ್ಣಿಗೇ ಬೀಳದ್ದು ನೀನು ಆಗುವುದಾದರೂ ಹೇಗೆ, ಅಂತ. ಐಬ್ರಾಕ್ಸ್‌ನ ಆ ಸಂಜೆ ಎಷ್ಟು ಹುಡುಗಿಯರ ಕಣ್ಣಿಗೆ ಬಿತ್ತೋ.

ಆಮೇಲೆ ಅಷ್ಟು ಸುಲಭ ಇರಲಿಲ್ಲ. 2024ರಲ್ಲಿ ಸೆಲ್ಟಿಕ್ ಗೆದ್ದಿತು, ಅವರಿಗೆ ಅದು ಮೊದಲನೆಯದು. 2025ರಲ್ಲಿ ಹೈಬರ್ನಿಯನ್. ಮೂರು ನಾಲ್ಕು ತಂಡಗಳು ಕೊನೆಯ ದಿನದವರೆಗೂ ಕಾದಾಡುವ ಲೀಗ್ ಆಗಿದೆ ಅದು ಈಗ. ಸಿಟಿ ಇನ್ನೂ ಅದೇ ಸಣ್ಣ ಮೈದಾನದಲ್ಲಿ, ಅದೇ ಕಿತ್ತಳೆ ಅಂಗಿಯಲ್ಲಿ, ಯಾರ ಹಂಗೂ ಇಲ್ಲದೆ ಆಡುತ್ತಿದೆ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ, ಮೊದಲು ಆ ಹಿಂದಿನ ಸಾಲಿನಲ್ಲಿ ಕೈ ಎತ್ತಿರುವ ಹುಡುಗಿಗೆ ಮೈಕ್ ಕೊಡಿ.